ಮುಖ್ಯ ಕಂಟ್ರಾಕ್ಟರ್ ‘ಲಾಭ-ನಷ್ಟ ಅರ್ಧರ್ಧ’ ಅಂತಾರೆ, ಸಬ್ ಕಂಟ್ರಾಕ್ಟ್ ಒಪ್ಪಿಕೊಳ್ಳಬಹುದೇ?

ಒಪ್ಪಬಹುದು. ಆದರೆ ಖರ್ಚು ಯಾವ ಮೊತ್ತಕ್ಕಿಂತ ಕಡಿಮೆಯಾದರೆ ಲಾಭ, ಹೆಚ್ಚಾದರೆ ನಷ್ಟ ಅಂತ ಮೊದಲೇ ಬರೆಸಿಕೊಳ್ಳಿ. ಕುಂಬಳೆಯಲ್ಲಿ ಮೂರು ಮಾಳಿಗೆ, ಪಾಯ ಮತ್ತು ಸ್ಲ್ಯಾಬ್ ನಿಮ್ಮದು, ಜೂನಿನಲ್ಲಿ ಶುರು ಅಂದಿರಿ. ನನಗೆ ಹೆದರಿಕೆ ಆ ಜೂನಿನದ್ದೇ.

ನಾನು ಬದಿಯಡ್ಕ ಕಡೆಯವನು, ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಹಲಗೆಯ ಅಚ್ಚು ಕಟ್ಟುವುದು), ಕಾಂಕ್ರೀಟ್ ಕೆಲಸ ಹಿಡಿದು ಹದಿನಾರು ವರ್ಷ. ಒಮ್ಮೆ ಹೀಗೇ ಬಾಯಿಮಾತಿನ ಅರ್ಧರ್ಧಕ್ಕೆ ತಲೆಯಾಡಿಸಿದ್ದೆ. ಪತ್ತನಾಜೆ (ಮೇ ಕೊನೆಗೆ ಬರುವ, ಮಳೆಗಾಲದ ಹೊಸ್ತಿಲು ಅನ್ನುವ ತುಳುನಾಡಿನ ದಿನ) ಕಳೆದು ಎರಡು ವಾರಕ್ಕೆ ಆ ಮುಖ್ಯ ಕಂಟ್ರಾಕ್ಟರ್ ಪಾಯ ತೆಗೆಸಿದರು. ಮೇಲಿನ ನಾಲ್ಕಡಿ ಮುರಕಲ್ಲು ಗೋಡೆಯ ಹಾಗೆ ನಿಂತಿತ್ತು, ಅಡಿಯಲ್ಲಿ ಶೇಡಿ ಮಣ್ಣು. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬೆಣ್ಣೆ. ಒಂದೇ ರಾತ್ರಿಯ ಮಳೆಗೆ ಬದಿ ಜಾರಿತು. ನಾಲ್ಕು ದಿನ ಪಂಪು ಓಡಿತು, ಹನ್ನೊಂದು ಜನ ಭಾಯಿಗಳು (ಉತ್ತರದ ಕಡೆಯ ಕೆಲಸದವರು) ಕೂತು ಸಂಬಳ ತಿಂದರು. ‘ಮಳೆ ದೇವರದ್ದು, ನಷ್ಟ ಅರ್ಧರ್ಧ’ ಅಂದರು. ತಾರೀಕು ಇಟ್ಟದ್ದು ದೇವರಾ? ಕೊನೆಗೆ ಲಾಭದ ಲೆಕ್ಕ ಕೇಳಿದರೆ ಎಲ್ಲ ‘ಆಫೀಸು ಖರ್ಚು’.

ಯಾರ ಕೈಯಲ್ಲಿ ಹಿಡಿತ ಉಂಟೋ ಅಪಾಯ ಅವರ ಹೆಗಲಿಗೆ. ತಾರೀಕು, ತಡವಾದ ಡ್ರಾಯಿಂಗ್ ಅವರದ್ದು. ಪ್ಲೈವುಡ್ ಹಾಳಾದರೆ, ಸ್ಲ್ಯಾಬಿನಲ್ಲಿ ಜೇನುಗೂಡು (ಕಾಂಕ್ರೀಟ್ ಸರಿಯಾಗಿ ತುಂಬದೆ ಉಳಿಯುವ ತೂತುಗಳು) ಬಿದ್ದರೆ ನಿಮ್ಮದು. ಕಬ್ಬಿಣ, ಸಿಮೆಂಟಿನ ರೇಟು ಇಬ್ಬರ ಕೈಯಲ್ಲೂ ಇಲ್ಲ. ಇವತ್ತಿನ ದರ ಬರೆದಿಟ್ಟು, ಏರಿದ್ದನ್ನು ಮಾಲೀಕರಿಂದ ಕೇಳುವ ಷರತ್ತು ಹಾಕಿಸಿ. ಲಂಡನ್ನಿನ ಹೀಥ್ರೂ ಐದನೇ ಟರ್ಮಿನಲ್ (2008ರಲ್ಲಿ ತೆರೆದದ್ದು) ಕಟ್ಟುವಾಗ ಅಪಾಯವನ್ನು ಮಾಲೀಕ ಕಂಪನಿಯೇ ಹೊತ್ತು, ಉಳಿತಾಯದಲ್ಲಿ ಗುತ್ತಿಗೆದಾರರಿಗೂ ಪಾಲು ಕೊಟ್ಟಿತ್ತು. ನಮ್ಮಲ್ಲಿ ಅಷ್ಟು ಧಾರಾಳಿಗಳು ಸಿಗಲಿಕ್ಕಿಲ್ಲ.

ನನಗೆ ಒಬ್ಬರು ಸಿಕ್ಕಿದ್ದರು, ಬರೇ ಪ್ಲೈವುಡ್ ಮಟ್ಟಿಗೆ. ಒಂದು ಹಲಗೆಯನ್ನು ಆರು ಸಲ ಬಳಸುವುದು ಅಂತ ಲೆಕ್ಕ, ಅದಕ್ಕಿಂತ ಹೆಚ್ಚು ಸಲ ಬಳಸಿ ಉಳಿದದ್ದು ಅರ್ಧರ್ಧ, ಖರೀದಿ ಬಿಲ್ಲು ನನಗೂ ತೋರಿಸಬೇಕು. ಎಣ್ಣೆ ಹಚ್ಚಿ, ಹಾರೆಯಲ್ಲಿ ಮೀಟದೆ ಬಿಚ್ಚಿಸಿ ಒಂಬತ್ತು ಸಲ ತಂದೆವು.

‘ಮಾಲೀಕರು ಕೊಟ್ಟ ಮೇಲೆ ಕೊಡ್ತೇನೆ’ ಅನ್ನುವ ಸಾಲು ಇದ್ದರೆ ಹೊಡೆದು ಹಾಕಿಸಿ. 2006ರ ಸಣ್ಣ ಉದ್ಯಮಗಳ ಕಾಯ್ದೆಯಲ್ಲಿ ದುಡ್ಡು ಕೊಡಲು 45 ದಿನದ ಗಡುವು ಉಂಟು, ಆದರೆ ಕಟ್ಟಡದ ಗುತ್ತಿಗೆಗೆ ಅದು ಸಲ್ಲುತ್ತದಾ ಅಂತ ಹೈಕೋರ್ಟುಗಳಲ್ಲೇ ವಾದ ನಡೆದಿದೆ. ಗಡುವು ಅಗ್ರಿಮೆಂಟಿನಲ್ಲೇ ಇರಲಿ, ರಿಟೆನ್ಶನ್ (ಬಿಲ್ಲಿನಿಂದ ಭದ್ರತೆಗೆ ಹಿಡಿದಿಟ್ಟ ದುಡ್ಡು) ಬಿಡುವ ತಾರೀಕೂ.

ಮತ್ತೆ, ಸಹಿ ಹಾಕುವ ಮೊದಲು ಸೈಟಿನಲ್ಲಿ ಎಂಟಡಿ ಗುಂಡಿ ತೋಡಿಸಿ ನೋಡಿ. ಶೇಡಿ ಸಿಕ್ಕಿದರೆ ಪಾಯಕ್ಕೆ ಬೇರೆಯೇ ರೇಟು ಹೇಳಿ.