ನ್ಯೂಯಾರ್ಕಿಗೆ ಬಂದು ಹಾಡು ಬರೆಯುತ್ತೇನೆ ಅಂದವನಿಗೆ

ತಮ್ಮಾ, ಸಾಗರದ ಕಡೆ ನಾಟಕಗಳಿಗೆ ಹಾಡು ಬರೆದಿದ್ದೇನೆ, ನ್ಯೂಯಾರ್ಕಿಗೆ ಬಂದು ಬ್ರಾಡ್‌ವೇ ಮ್ಯೂಸಿಕಲ್‌ಗಳಿಗೆ, ಅಂದರೆ ಇಲ್ಲಿನ ದೊಡ್ಡ ರಂಗಮಂದಿರಗಳ ಹಾಡು-ಕುಣಿತದ ನಾಟಕಗಳಿಗೆ, ಬರೆದು ಬದುಕಬಹುದಾ ಅಂತ ಕೇಳಿದ್ದೀಯ. ಬರೆಯಬಹುದು. ಬದುಕೋದು ಬೇರೆ ಮಾತು. ನಾನು ಹೊಸನಗರದವನು, ಬಂದು 18 ವರ್ಷವಾಯಿತು, ಈಗಲೂ ಹಗಲು ಲೆಕ್ಕಪತ್ರದ ಕೆಲಸ, ರಾತ್ರಿ ಹಾಡು. ಇಲ್ಲಿ ಹಾಡು ಬರೆಯುವವರಿಗೆ ಸಂಬಳ ಅಂತ ಇಲ್ಲ. ಷೋ ಓಡಿದರೆ ರಾಯಲ್ಟಿ, ಅದನ್ನೂ ಸಂಗೀತ ಹಾಕಿದವರು, ಮಾತು ಬರೆದವರ ಜೊತೆ ಹಂಚಿಕೊಳ್ಳಬೇಕು.

ಮ್ಯೂಸಿಕಲ್ ಬರೆಯೋದನ್ನು ಕಲಿಸುವ ಬಿಎಂಐ ವರ್ಕ್‌ಶಾಪ್ 1961ರಿಂದ ಇದೆ, ಫೀಸಿಲ್ಲ, ಆದರೆ ವೀಸಾ ಕೊಡಿಸುವುದಿಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ (ಎನ್‌ವೈಯು) 2 ವರ್ಷದ ಕೋರ್ಸಿಗೆ ವಿದ್ಯಾರ್ಥಿ ವೀಸಾ ಸಿಗುತ್ತದೆ, ಫೀಸು ಕೇಳಿದರೆ ಅಪ್ಪಯ್ಯ ಅಡಿಕೆ ತೋಟದ ಪಹಣಿ ಹುಡುಕಬೇಕು.

ನಾನು ಮುಗ್ಗರಿಸಿದ್ದು ಬೇರೆ ಕಡೆ. ನಮ್ಮಲ್ಲಿ ಮಾತ್ರೆ ಎಣಿಸಿ ಮಟ್ಟಿಗೆ ಕೂರಿಸಿದರೆ ಆಯಿತು. ಇಂಗ್ಲಿಷಿನಲ್ಲಿ ಪದದ ಯಾವ ಭಾಗ ಒತ್ತಿ ಹೇಳುತ್ತಾರೋ ಅಲ್ಲೇ ತಾಳದ ಪೆಟ್ಟೂ ಬೀಳಬೇಕು, ತಪ್ಪಿದರೆ ಕೇಳುವವರಿಗೆ ಅರ್ಥವೇ ಆಗಲ್ಲ. ಇನ್ನೊಂದು, ಕನ್ನಡದ ಪದ ಸ್ವರದಲ್ಲಿ ಮುಗಿಯುತ್ತದಲ್ವಾ, ಯಕ್ಷಗಾನದ ಭಾಗವತರು ಕೊನೆಯದನ್ನು ಎಷ್ಟು ಬೇಕಾದರೂ ಎಳೆಯುತ್ತಾರೆ. ನಾನು ಸುಮ್ನೆ ಅದೇ ಧೈರ್ಯದಲ್ಲಿ ಒಂದು ಹಾಡನ್ನು ‘ಬ್ಯಾಕ್’ ಅಂತ ಮುಗಿಸಿದೆ. ಹಾಡಿದ ಹುಡುಗಿ ‘ಬ್ಯಾ’ ಅಂತ ಎಳೆದಳು, ಕುರಿ ಕೂಗಿದ ಹಾಗೆ, ಆಮೇಲೆ ‘ಕ್’ ಅಂತ ಬಾಯಿ ಮುಚ್ಚಿತು. ಇಡೀ ಕೋಣೆ ನಕ್ಕಿತು.

ಬ್ರಾಡ್‌ವೇಗೆ ಹಾಡು ಬರೆದು ಹೆಸರಾದ ಆಸ್ಕರ್ ಹ್ಯಾಮರ್‌ಸ್ಟೈನ್ ಅಂಥವರಿಗೂ ಇದು ಆಗಿತ್ತು. 1945ರ ‘ಕೆರೊಸೆಲ್’ ಮ್ಯೂಸಿಕಲ್‌ನ ಒಂದು ಹಾಡನ್ನು ‘ಟಾಕ್’ ಅಂತ ಮುಗಿಸಿ, ಆ ‘ಕ್’ ತಪ್ಪಾಯಿತು ಅಂತ ಆಮೇಲೆ ತಾವೇ ಬರೆದರು. 1927ರಲ್ಲೇ ‘ಶೋ ಬೋಟ್’ ಬರೆದು ಗೆದ್ದವರು, ಆದರೆ 1939ರ ಒಂದು ಆಟ 59 ಪ್ರದರ್ಶನಕ್ಕೇ ಮಲಗಿತು. 1943ರಲ್ಲಿ 47ನೇ ವಯಸ್ಸಿಗೆ ಬಂದ ‘ಓಕ್ಲಹೋಮ’ 2,212 ಪ್ರದರ್ಶನ ಕಂಡಿತು. ಆಗ ರಂಗಭೂಮಿ-ಸಿನಿಮಾದವರು ಓದುವ ವೆರೈಟಿ ಪತ್ರಿಕೆಯಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿದರು, ಅದರಲ್ಲಿದ್ದದ್ದು ಅವರ ಸೋತ ಆಟಗಳ ಪಟ್ಟಿ! ನನಗೆ ಅವರ ಹಾಡಿಗಿಂತ ಆ ಜಾಹೀರಾತೇ ಜಾಸ್ತಿ ಇಷ್ಟ.

ಕೆಲಸ ಬಿಡಬೇಡ ಈಗಲೇ. ಇಂಗ್ಲಿಷಿನಲ್ಲಿ ಒಂದು ಹಾಡು ಬರೆದು, ನೀನಲ್ಲ, ಬೇರೆ ಯಾರ ಕೈಲಾದರೂ ಹಾಡಿಸಿ ಕಳಿಸು. ಮೊದಲು ಕೊನೆಯ ಅಕ್ಷರ ನೋಡುತ್ತೇನೆ.