ಡಿಎಫ್ 93 ಜಿಬಿ ಎನ್ನುತ್ತದೆ, ಡಿಯು 41 ಜಿಬಿ ಎನ್ನುತ್ತದೆ: ನಡುವಿನ 52 ಜಿಬಿ ಎಲ್ಲಿಗೆ ಹೋಯಿತು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ರಾಜಾಜಿನಗರದ ನಿಮ್ಮ ಕಚೇರಿಯ ಉಬುಂಟು ಸರ್ವರ್‌ನಲ್ಲಿ ರೂಟ್ ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಮುಖ್ಯ ವ್ಯವಸ್ಥೆ) ಇಎಕ್ಸ್‌ಟಿ4 ಮಾದರಿಯದು, ಒಟ್ಟು 98 ಜಿಬಿ. ಡಿಎಫ್ ಕಮಾಂಡ್ ಕೊಟ್ಟರೆ 93 ಜಿಬಿ ಬಳಕೆಯಾಗಿದೆ, ಲಭ್ಯವಿರುವುದು ಸೊನ್ನೆ ಎಂದು ಬರುತ್ತದೆ. ಡಿಯು ಕೊಟ್ಟರೆ ಎಲ್ಲ ಡೈರೆಕ್ಟರಿಗಳನ್ನೂ ಕೂಡಿಸಿ 41 ಜಿಬಿ ಮಾತ್ರ ಬರುತ್ತದೆ. ಶುಕ್ರವಾರ ನೀವು 46 ಜಿಬಿಯ ಲಾಗ್ ಫೈಲೊಂದನ್ನು ಅಳಿಸಿದಿರಿ, ಆದರೂ ಒಂದು ಎಂಬಿ ಜಾಗವೂ ವಾಪಸ್ಸು ಬರಲಿಲ್ಲ. ಬಿಲ್ಲಿಂಗ್ ನಡೆಯುತ್ತಿರುವುದರಿಂದ ರೀಬೂಟ್ ಮಾಡಲು ಮಾಲೀಕರು ಒಪ್ಪುತ್ತಿಲ್ಲ. ಫೈಲ್ ಸಿಸ್ಟಂ ಕೆಟ್ಟಿರಬೇಕೆಂದು ಅದನ್ನು ಪರೀಕ್ಷಿಸಿ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ನಡೆಸಬೇಕೇ, ಇಲ್ಲವೇ ಹೊಸ ಡಿಸ್ಕ್ ತರಿಸಬೇಕೇ ಎಂದು ಕೇಳಿದ್ದೀರಿ.

ಸದ್ಯಕ್ಕೆ ಎರಡೂ ಬೇಡ. ನೀವು ಕೊಟ್ಟಿರುವ ಅಂಕಿಗಳಲ್ಲಿ ಫೈಲ್ ಸಿಸ್ಟಂ ಕೆಟ್ಟಿದೆ ಎನ್ನುವುದಕ್ಕೆ ಯಾವ ಲಕ್ಷಣವೂ ನನಗೆ ಕಾಣುತ್ತಿಲ್ಲ. ಬೆಂಗಳೂರಿನ ಸಣ್ಣ ಮತ್ತು ಮಧ್ಯಮ ಕಚೇರಿಗಳ ಸರ್ವರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕಸುಬು; ಇಂಥ ಕರೆಗಳಲ್ಲಿ ಹೆಚ್ಚಿನವು ಡಿಎಫ್ ಮತ್ತು ಡಿಯು ಒಂದೇ ಲೆಕ್ಕ ಹೇಳುತ್ತವೆ ಎಂಬ ನಂಬಿಕೆಯಿಂದಲೇ ಹುಟ್ಟುತ್ತವೆ. ಅಂದಹಾಗೆ, ಕಮಾಂಡುಗಳ ಹೆಸರನ್ನು ನಾವು ಬಾಯಲ್ಲಿ ಹೇಳುವಂತೆ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ; ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕೆಂದು ನಿಮಗೆ ಬೇರೆ ಹೇಳಬೇಕಿಲ್ಲ.

ಡಿಯು ಡೈರೆಕ್ಟರಿಗಳನ್ನು ಒಂದೊಂದಾಗಿ ಹೊಕ್ಕು, ಅಲ್ಲಿ ಹೆಸರಿರುವ ಪ್ರತಿಯೊಂದು ಫೈಲೂ ಎಷ್ಟು ಬ್ಲಾಕ್, ಅಂದರೆ ಡಿಸ್ಕಿನ ತುಂಡು, ಹಿಡಿದಿದೆ ಎಂದು ಕೇಳಿ ಕೂಡಿಸುತ್ತಾ ಹೋಗುತ್ತದೆ. ಡಿಎಫ್ ಯಾವ ಡೈರೆಕ್ಟರಿಯನ್ನೂ ಹೊಗುವುದಿಲ್ಲ. ಒಟ್ಟು ಎಷ್ಟು ಬ್ಲಾಕ್, ಖಾಲಿ ಎಷ್ಟು ಎಂದು ಫೈಲ್ ಸಿಸ್ಟಂ ತಾನೇ ಇಟ್ಟುಕೊಂಡಿರುವ ಲೆಕ್ಕವನ್ನು ಕೇಳಿ ಹೇಳುತ್ತದೆ. ಜಮೀನಿನ ವ್ಯವಹಾರ ಕಂಡವರಿಗೆ ಇದು ಬೇಗ ತಿಳಿಯುತ್ತದೆ: ಪಹಣಿಯಲ್ಲಿ ಹೆಸರು ತೆಗೆಸಿದ ಮಾತ್ರಕ್ಕೆ ಜಮೀನಿನಲ್ಲಿ ಉಳುತ್ತಿರುವವನು ಎದ್ದು ಹೋಗುವುದಿಲ್ಲ. ಆರ್‌ಎಂ ಕಮಾಂಡ್ ಅಳಿಸುವುದು ಡೈರೆಕ್ಟರಿಯಲ್ಲಿರುವ ಹೆಸರನ್ನು ಮಾತ್ರ. ಆ ಫೈಲನ್ನು ಯಾವುದಾದರೂ ಪ್ರೋಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ತೆರೆದಿಟ್ಟುಕೊಂಡಿದ್ದರೆ, ಹೆಸರು ಹೋದ ಮೇಲೂ ಐನೋಡ್ (ಫೈಲಿನ ವಿವರಗಳಿರುವ ದಾಖಲೆ) ಮತ್ತು ಅದರ ಬ್ಲಾಕುಗಳು ಆ ಪ್ರೋಸೆಸ್ಸಿನ ಸ್ವಾಧೀನದಲ್ಲೇ ಇರುತ್ತವೆ. ಅದು ಫೈಲನ್ನು ಮುಚ್ಚಿದಾಗ ಅಥವಾ ತಾನೇ ನಿಂತಾಗ ಮಾತ್ರ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಅವನ್ನು ಖಾಲಿ ಪಟ್ಟಿಗೆ ಸೇರಿಸುತ್ತದೆ. ಹೆಸರಿಲ್ಲದ್ದರಿಂದ ಡಿಯುಗೆ ಅದು ಕಾಣುವುದಿಲ್ಲ, ಜಾಗ ಬಿಟ್ಟುಕೊಡದ್ದರಿಂದ ಡಿಎಫ್ ಲೆಕ್ಕದಲ್ಲಿ ಅದು ಉಳಿದೇ ಇರುತ್ತದೆ. ನಿಮ್ಮ 46 ಜಿಬಿ ಇರುವುದು ಇಲ್ಲೇ ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಲ್ಲೆ.

ಇದನ್ನು ಪರೀಕ್ಷಿಸುವುದು ಒಂದೇ ಸಾಲಿನ ಕೆಲಸ. ರೂಟ್ ಅಧಿಕಾರದಿಂದ ಎಲ್‌ಎಸ್‌ಒಎಫ್ ಎಂದು ಬರೆದು, ಜಾಗ ಬಿಟ್ಟು, ಪ್ಲಸ್ ಚಿಹ್ನೆ, ದೊಡ್ಡಕ್ಷರದ ಎಲ್ ಮತ್ತು ಅಂಕಿ 1 ಸೇರಿಸಿ ಕೊಡಿ. ಲಿಂಕ್ ಎಣಿಕೆ 1ಕ್ಕಿಂತ ಕಡಿಮೆ ಇರುವ, ಅಂದರೆ ಹೆಸರು ಹೋಗಿಯೂ ತೆರೆದಿರುವ ಫೈಲುಗಳ ಪಟ್ಟಿ ಬರುತ್ತದೆ. ಅದರಲ್ಲಿ ಗಾತ್ರದ ಕಾಲಂ ನೋಡಿ. 46 ಜಿಬಿಯ ಸಾಲು ಕಣ್ಣಿಗೆ ರಾಚುವಂತಿರುತ್ತದೆ, ಕೊನೆಯಲ್ಲಿ ಡಿಲೀಟೆಡ್ ಎಂಬ ಗುರುತೂ ಇರುತ್ತದೆ. ಆ ಸಾಲಿನಿಂದ ಪಿಐಡಿ (ಪ್ರೋಸೆಸ್ಸಿನ ಸಂಖ್ಯೆ) ಮತ್ತು ಎಫ್‌ಡಿ (ಅದು ತೆರೆದಿರುವ ಫೈಲಿನ ಸಂಖ್ಯೆ) ಎಂಬ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ.

ಸರ್ವರ್ ರೀಬೂಟ್ ಮಾಡಬೇಕಾಗಿಲ್ಲ, ಆ ಒಂದು ಸರ್ವಿಸನ್ನು ಮಾತ್ರ ರೀಸ್ಟಾರ್ಟ್ ಮಾಡಿದರೆ ಸಾಕು. ಅದೂ ಹಗಲಿನಲ್ಲಿ ಆಗದ ಮಾತು ಎಂದಾದರೆ ಇನ್ನೊಂದು ದಾರಿ ಇದೆ: ಪ್ರಾಕ್ ಡೈರೆಕ್ಟರಿಯೊಳಗೆ ಆ ಪಿಐಡಿಯ ಹೆಸರಿನ ಡೈರೆಕ್ಟರಿ, ಅದರೊಳಗೆ ಎಫ್‌ಡಿ, ಅದರೊಳಗೆ ನೀವು ಬರೆದಿಟ್ಟುಕೊಂಡ ಎಫ್‌ಡಿ ಅಂಕಿ, ಇದೇ ಆ ಹೆಸರಿಲ್ಲದ ಫೈಲಿನ ವಿಳಾಸ. ಟ್ರಂಕೇಟ್ ಕಮಾಂಡಿಗೆ ಗಾತ್ರ 0 ಎಂದು ಹೇಳಿ ಈ ವಿಳಾಸ ಕೊಟ್ಟರೆ ಜಾಗ ತಕ್ಷಣ ಬಿಡುಗಡೆಯಾಗುತ್ತದೆ, ಪ್ರೋಸೆಸ್ಸೂ ನಿಲ್ಲುವುದಿಲ್ಲ. ಲಾಗ್ ಬೇಕಿತ್ತು ಎಂದು ಆಡಿಟರ್ ನಾಳೆ ಕೇಳಬಹುದೆಂಬ ಅಳುಕಿದ್ದರೆ, ಟ್ರಂಕೇಟ್ ಮಾಡುವ ಮೊದಲು ಇದೇ ವಿಳಾಸದಿಂದ ಸಿಪಿ ಮೂಲಕ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಅಳಿಸಿದ ಫೈಲು ಹೀಗೆ ಪೂರ್ತಿಯಾಗಿ ವಾಪಸ್ಸು ಸಿಗುವ ಅಪರೂಪದ ಸಂದರ್ಭ ಇದು. ಒಂದು ಎಚ್ಚರಿಕೆ: ಇದನ್ನು ಲಾಗ್ ಫೈಲುಗಳಿಗೆ ಮಾತ್ರ ಮಾಡಿ. ಡೇಟಾಬೇಸಿನ ತಾತ್ಕಾಲಿಕ ಫೈಲುಗಳೂ ಇದೇ ಪಟ್ಟಿಯಲ್ಲಿ ಡಿಲೀಟೆಡ್ ಎಂದೇ ಕಾಣಿಸಿಕೊಳ್ಳುತ್ತವೆ, ಅವನ್ನು ಮುಟ್ಟಿದರೆ ನಡೆಯುತ್ತಿರುವ ಕೆಲಸ ಕೆಡುತ್ತದೆ.

ಲಾಗ್ ಮತ್ತೆ ಹೀಗೆ ಬೆಳೆಯದಂತೆ ಹಳೆಯ ಲಾಗನ್ನು ಆಗಾಗ ಬದಿಗಿಟ್ಟು ಹೊಸದನ್ನು ಶುರುಮಾಡುವ ಲಾಗ್‌ರೊಟೇಟ್ ಹಾಕಿಕೊಳ್ಳಿ. ಫೈಲು ಬದಲಾದ ಮೇಲೆ ಸರ್ವಿಸಿಗೆ ಸಿಗ್ನಲ್ ಕಳಿಸಿ ಹೊಸ ಫೈಲು ತೆರೆಯುವಂತೆ ಮಾಡುವುದೇ ಸರಿಯಾದ ಕ್ರಮ. ಸಿಗ್ನಲ್ ಅರ್ಥವಾಗದ ಹಳೆಯ ಸಾಫ್ಟ್‌ವೇರ್ ಆಗಿದ್ದರೆ ಫೈಲನ್ನು ನಕಲು ಮಾಡಿ ಮೂಲವನ್ನು ಖಾಲಿ ಮಾಡುವ ಅದರ ಕಾಪಿಟ್ರಂಕೇಟ್ ಆಯ್ಕೆ ಬಳಸಬಹುದು, ಆದರೆ ನಕಲಿಗೂ ಟ್ರಂಕೇಟಿಗೂ ನಡುವಿನ ಕ್ಷಣದಲ್ಲಿ ಬರೆದ ಕೆಲವು ಸಾಲುಗಳು ಕಳೆದುಹೋಗುತ್ತವೆ.

ಇನ್ನು ಉಳಿದದ್ದು 6 ಜಿಬಿ. 93ರಲ್ಲಿ 41 ಕಳೆದರೆ 52, ಅದರಲ್ಲಿ ಲಾಗಿನ 46 ಹೋದರೂ ಆರು ಉಳಿಯುತ್ತದೆ. ಇಂಥ ಬಾಕಿಯನ್ನು ಹಲವರು ಅಲಕ್ಷಿಸುತ್ತಾರೆ, ನಾನು ಅಲಕ್ಷಿಸುವುದಿಲ್ಲ. ನೀವು ಡಿಯುವನ್ನು ಸುಡೋ (ರೂಟ್ ಅಧಿಕಾರ) ಇಲ್ಲದೆ ನಡೆಸಿದ್ದರೆ, ಅನುಮತಿ ಇಲ್ಲದ ಡೈರೆಕ್ಟರಿಗಳನ್ನು ಅದು ಬಿಟ್ಟು ಎಣಿಸಿರುತ್ತದೆ. ಮೊದಲು ಅದನ್ನು ಸರಿಮಾಡಿ, ಎಕ್ಸ್ ಆಯ್ಕೆಯನ್ನೂ ಸೇರಿಸಿ, ಆಗ ಅದು ಬೇರೆ ಡಿಸ್ಕುಗಳಿಗೆ ದಾಟದೆ ರೂಟ್ ಫೈಲ್ ಸಿಸ್ಟಮ್ಮಿನಲ್ಲೇ ಇರುತ್ತದೆ. ಆಮೇಲೂ ವ್ಯತ್ಯಾಸ ಉಳಿದರೆ ನನ್ನ ಅನುಮಾನ ನೀವು ಪ್ರಾಸಂಗಿಕವಾಗಿ ಹೇಳಿದ ಬ್ಯಾಕಪ್ ಡಿಸ್ಕಿನ ಮೇಲೆ. ಒಂದು ಡೈರೆಕ್ಟರಿಯ ಮೇಲೆ ಡಿಸ್ಕ್ ಮೌಂಟ್ ಮಾಡಿದಾಗ, ಅಂದರೆ ಡಿಸ್ಕನ್ನು ಆ ಡೈರೆಕ್ಟರಿಗೆ ಜೋಡಿಸಿದಾಗ, ಅದೇ ಡೈರೆಕ್ಟರಿಯಲ್ಲಿ ಮೊದಲೇ ಇದ್ದ ಫೈಲುಗಳು ಅಳಿಯುವುದಿಲ್ಲ, ಮರೆಯಾಗುತ್ತವೆ ಅಷ್ಟೆ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕರೆಂಟು ಹೋಗಿ ಯುಪಿಎಸ್ಸೂ ಸೋತು ಸರ್ವರ್ ಮತ್ತೆ ಎದ್ದಾಗ ಬ್ಯಾಕಪ್ ಡಿಸ್ಕ್ ಮೌಂಟ್ ಆಗಿರಲಿಲ್ಲ. ರಾತ್ರಿ 2 ಗಂಟೆಯ ಬ್ಯಾಕಪ್ ಸ್ಕ್ರಿಪ್ಟಿಗೆ ಅದು ಹೇಗೆ ಗೊತ್ತಾಗಬೇಕು? ಡೈರೆಕ್ಟರಿ ಇತ್ತು, ಬರೆಯಿತು, ಎಲ್ಲವೂ ರೂಟ್ ಡಿಸ್ಕಿನ ಮೇಲೆ. ಬೆಳಿಗ್ಗೆ ಯಾರೋ ಡಿಸ್ಕನ್ನು ಕೈಯಾರೆ ಮೌಂಟ್ ಮಾಡಿದರು, ರಾತ್ರಿ ಬರೆದದ್ದೆಲ್ಲ ಅದರ ಅಡಿಯಲ್ಲಿ ಮುಚ್ಚಿಹೋಯಿತು. "ಸಾರ್, ಎಲ್ಲ ಡಿಲೀಟ್ ಮಾಡಿದೀನಿ, ಇನ್ನೇನೂ ಉಳಿದಿಲ್ಲ, ಆದ್ರೂ ಫುಲ್ ಅಂತಾನೇ ತೋರಿಸ್ತಿದೆ" ಎಂದು ಅಲ್ಲಿನ ಹುಡುಗ ಮೂರು ದಿನ ಪರದಾಡಿದ್ದ. ಬ್ಯಾಕಪ್ ಡಿಸ್ಕನ್ನು ಕಳಚದೆಯೇ ಅಡಿಯಲ್ಲಿರುವುದನ್ನು ನೋಡಲು ಮೌಂಟ್ ಕಮಾಂಡಿನ ಬೈಂಡ್ ಆಯ್ಕೆ ಇದೆ: ರೂಟ್ ಡೈರೆಕ್ಟರಿಯನ್ನು ಖಾಲಿ ಇರುವ ಇನ್ನೊಂದು ಡೈರೆಕ್ಟರಿಯ ಮೇಲೆ ಬೈಂಡ್ ಮಾಡಿದರೆ, ಮೇಲೆ ಮೌಂಟ್ ಆಗಿರುವ ಡಿಸ್ಕುಗಳು ಅಲ್ಲಿಗೆ ಬರುವುದಿಲ್ಲ, ಕೆಳಗಿನ ನೆಲ ಹಾಗೇ ಕಾಣುತ್ತದೆ. ಅಲ್ಲಿ ಡಿಯು ಕೊಟ್ಟು ನೋಡಿ. ಫೈಲುಗಳು ಸಿಕ್ಕರೆ ಅವು ಬೇಕೋ ಬೇಡವೋ ಎಂದು ನೋಡಿ ಅಳಿಸಿ, ನಂತರ ಬೈಂಡ್ ಕಳಚಿ.

ಇದು ಮರುಕಳಿಸದಂತೆ ನಾನು ಎರಡು ಕೆಲಸ ಮಾಡುತ್ತೇನೆ. ಬ್ಯಾಕಪ್ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಮೌಂಟ್‌ಪಾಯಿಂಟ್ ಕಮಾಂಡಿನಿಂದ ಪರೀಕ್ಷಿಸಿ, ಡಿಸ್ಕ್ ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುವಂತೆ ಮಾಡುತ್ತೇನೆ. ಜೊತೆಗೆ, ಡಿಸ್ಕ್ ಕಳಚಿರುವಾಗ ಆ ಖಾಲಿ ಡೈರೆಕ್ಟರಿಗೆ ಸಿಎಚ್‌ಆಟರ್ ಮೂಲಕ ಇಮ್ಯೂಟಬಲ್ (ಬದಲಿಸಲಾಗದ) ಗುರುತು ಹಾಕಿಬಿಡುತ್ತೇನೆ. ಆಗ ಡಿಸ್ಕ್ ಮೌಂಟ್ ಆಗದ ದಿನ ರೂಟ್ ಯೂಸರ್ ಕೂಡ ಅದರೊಳಗೆ ಹೊಸ ಫೈಲು ಸೃಷ್ಟಿಸಲಾರ.

ನೀವು ಕೇಳದೆ ಬಿಟ್ಟ ಇನ್ನೊಂದು ಅಂಕಿಯೂ ಇದೆ. ಒಟ್ಟು 98, ಬಳಕೆ 93. ಹಾಗಿದ್ದರೆ 5 ಜಿಬಿ ಲಭ್ಯ ಎಂದು ಬರಬೇಕಿತ್ತು, ಸೊನ್ನೆ ಎಂದೇಕೆ ಬಂತು? ಇಎಕ್ಸ್‌ಟಿ4 ತಯಾರಾಗುವಾಗಲೇ ನೂರಕ್ಕೆ 5ರಷ್ಟು ಬ್ಲಾಕುಗಳನ್ನು ರೂಟ್ ಯೂಸರ್‌ಗೆಂದು ಕಾದಿರಿಸುತ್ತದೆ. ಈ ಪದ್ಧತಿ ಹಳೆಯದು: ಬರ್ಕ್ಲಿಯಲ್ಲಿ ಕರ್ಕ್ ಮೆಕ್ಯೂಸಿಕ್ ಮತ್ತು ಸಂಗಡಿಗರು ರೂಪಿಸಿ 1984ರಲ್ಲಿ ಪ್ರಬಂಧವಾಗಿ ಪ್ರಕಟಿಸಿದ ಫಾಸ್ಟ್ ಫೈಲ್ ಸಿಸ್ಟಮ್ಮಿನಲ್ಲೂ ಒಂದು ಪಾಲನ್ನು ಖಾಲಿ ಇಡುತ್ತಿದ್ದರು, ಏಕೆಂದರೆ ಡಿಸ್ಕ್ ತುಂಬುತ್ತಾ ಬಂದಂತೆ ಅಕ್ಕಪಕ್ಕದ ಬ್ಲಾಕುಗಳು ಸಿಗದೆ ವೇಗ ಕುಸಿಯುತ್ತದೆ. ರೂಟ್ ಫೈಲ್ ಸಿಸ್ಟಮ್ಮಿಗೆ ಈ ಮೀಸಲು ಇರಲಿ. ಡಿಸ್ಕ್ ತುಂಬಿದ ದಿನವೂ ನೀವು ಲಾಗಿನ್ ಆಗಿ ಸರಿಪಡಿಸಲು ಸಾಧ್ಯವಾಗುವುದು ಇದರಿಂದಲೇ. ಬರೀ ದತ್ತಾಂಶ ಇಡುವ ದೊಡ್ಡ ಡಿಸ್ಕಿನಲ್ಲಿ ಮಾತ್ರ ಟ್ಯೂನ್2ಎಫ್‌ಎಸ್ ಮೂಲಕ ಅದನ್ನು ನೂರಕ್ಕೆ 1ಕ್ಕೆ ಇಳಿಸುವುದರಲ್ಲಿ ಅರ್ಥವಿದೆ.

ಡಿಎಫ್‌ನಲ್ಲಿ ಜಾಗ ಕಂಡರೂ ಜಾಗವಿಲ್ಲ ಎಂಬ ದೋಷ ಬರುವುದು ಬೇರೆಯದೇ ಕಾಯಿಲೆ. ಅಲ್ಲಿ ಮುಗಿದಿರುವುದು ಐನೋಡ್. ಡಿಎಫ್‌ಗೆ ಐ ಆಯ್ಕೆ ಕೊಟ್ಟು ನೋಡಿದರೆ ಗೊತ್ತಾಗುತ್ತದೆ. ಇಎಕ್ಸ್‌ಟಿ4ರಲ್ಲಿ ಐನೋಡುಗಳ ಪ್ರಮಾಣ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗಿರುತ್ತದೆ, ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ, ಆದ್ದರಿಂದ ಲಕ್ಷಗಟ್ಟಲೆ ಸಣ್ಣ ಸೆಷನ್ ಫೈಲುಗಳು ಸೇರಿದರೆ ಅವನ್ನು ಅಳಿಸದೆ ಗತಿಯಿಲ್ಲ. ನಿಮ್ಮದು ಅದಲ್ಲ.

ಈಗ ಎಫ್‌ಎಸ್‌ಸಿಕೆ. ಇದನ್ನು ಬೇಡವೆಂದು ಇಷ್ಟು ಬಲವಾಗಿ ಹೇಳಲು ಕಾರಣ ನನ್ನದೇ ಹಳೆಯ ಕಥೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಶನಿವಾರ ಸಂಜೆ, ಮನೆಗೆ ಹೊರಡುವ ಆತುರದಲ್ಲಿ, ಮೌಂಟ್ ಆಗಿದ್ದ ಡೇಟಾ ವಾಲ್ಯೂಮ್ ಮೇಲೆ ಅದನ್ನು ನಡೆಸಿದೆ. ಫೈಲ್ ಸಿಸ್ಟಂ ಮೌಂಟ್ ಆಗಿದೆ, ಮುಂದುವರಿದರೆ ತೀವ್ರ ಹಾನಿ ಖಂಡಿತ ಎಂದು ದಪ್ಪಕ್ಷರಗಳಲ್ಲಿ, ನಕ್ಷತ್ರ ಚಿಹ್ನೆಗಳ ನಡುವೆ ಅದು ಎಚ್ಚರಿಸಿತು. ನಾನು ವೈ ಒತ್ತಿದೆ. ಮೌಂಟ್ ಆಗಿರುವಾಗ ಕರ್ನಲ್ ತನ್ನ ಮೆಮೊರಿಯಲ್ಲಿ ಮೆಟಾಡೇಟಾದ (ಫೈಲುಗಳ ಬಗೆಗಿನ ಲೆಕ್ಕದ) ಒಂದು ಪ್ರತಿ ಇಟ್ಟುಕೊಂಡು ಬರೆಯುತ್ತಿರುತ್ತದೆ, ಎಫ್‌ಎಸ್‌ಸಿಕೆ ಡಿಸ್ಕಿನ ಮೇಲಿರುವ ಪ್ರತಿಯನ್ನು ತಿದ್ದುತ್ತಿರುತ್ತದೆ. ಒಂದೇ ಜಮಾಖರ್ಚು ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ಹೇಳದೆ ಬರೆದಂತೆ. ಸೋಮವಾರದ ಹೊತ್ತಿಗೆ ಲಾಸ್ಟ್ ಪ್ಲಸ್ ಫೌಂಡ್ ಡೈರೆಕ್ಟರಿಯಲ್ಲಿ ಸಾವಿರಾರು ಫೈಲುಗಳಿದ್ದವು, ಒಂದಕ್ಕೂ ಹೆಸರಿಲ್ಲ, ಹ್ಯಾಶ್ ಗುರುತಿನ ಮುಂದೆ ಐನೋಡ್ ಸಂಖ್ಯೆ ಮಾತ್ರ. ಯಾವುದು ಇನ್‌ವಾಯ್ಸ್, ಯಾವುದು ಡ್ರಾಯಿಂಗ್ ಎಂದು ಒಂದೊಂದನ್ನೇ ತೆರೆದು ಹೆಸರಿಡುತ್ತಾ ಇಬ್ಬರು ಒಂದು ವಾರ ಕೂತೆವು.

ಎಫ್‌ಎಸ್‌ಸಿಕೆ ಬೇಕಾಗುವ ಸಂದರ್ಭದ ಲಕ್ಷಣವೇ ಬೇರೆ: ಫೈಲ್ ಸಿಸ್ಟಂ ತಾನಾಗಿ ರೀಡ್ ಓನ್ಲಿ ಆಗುತ್ತದೆ, ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ಇಎಕ್ಸ್‌ಟಿ4 ದೋಷದ ಸಾಲುಗಳು ಕಾಣುತ್ತವೆ. ಆಗಲೂ ಮೊದಲು ಅದೇ ಡಿಮೆಸೇಜ್‌ನಲ್ಲಿ ಐಒ ದೋಷಗಳಿವೆಯೇ ನೋಡಿ, ಸ್ಮಾರ್ಟ್‌ಸಿಟಿಎಲ್‌ನಿಂದ ಡಿಸ್ಕಿನ ಆರೋಗ್ಯ ಕೇಳಿ. ಡಿಸ್ಕೇ ಸಾಯುತ್ತಿದ್ದರೆ ಮೊದಲು ಡಿಡಿರೆಸ್ಕ್ಯೂನಿಂದ ಪೂರ್ತಿ ನಕಲು ತೆಗೆದು, ರಿಪೇರಿಯನ್ನು ನಕಲಿನ ಮೇಲೆ ಮಾಡಬೇಕು. ಡಿಸ್ಕ್ ಚೆನ್ನಾಗಿದ್ದರೆ ಅನ್‌ಮೌಂಟ್ ಮಾಡಿ, ಎನ್ ಆಯ್ಕೆಯೊಂದಿಗೆ ಏನನ್ನೂ ಬರೆಯದ ಪರೀಕ್ಷೆ ನಡೆಸಿ, ಆಮೇಲೆ ನಿಜವಾದ ರಿಪೇರಿ. ನಿಮ್ಮ ಬ್ಯಾಕಪ್ ಡಿಸ್ಕ್ ಎಕ್ಸ್‌ಎಫ್‌ಎಸ್ ಎಂಬ ಬೇರೆ ಮಾದರಿಯ ಫೈಲ್ ಸಿಸ್ಟಂ ಆಗಿದ್ದರೆ ಎಫ್‌ಎಸ್‌ಸಿಕೆ ಅದರ ಮೇಲೆ ಏನೂ ಮಾಡದೆ ಮರಳುತ್ತದೆ. ಅದಕ್ಕೆ ಎಕ್ಸ್‌ಎಫ್‌ಎಸ್ ರಿಪೇರ್ ಎಂಬ ಬೇರೆ ಸಲಕರಣೆ ಇದೆ. ಅದರ ದೊಡ್ಡಕ್ಷರದ ಎಲ್ ಆಯ್ಕೆ ಜರ್ನಲ್ಲನ್ನೇ (ಇನ್ನೂ ಜಾರಿಯಾಗದ ಬದಲಾವಣೆಗಳ ದಾಖಲೆಯನ್ನೇ) ಎಸೆದುಬಿಡುವುದರಿಂದ, ಒಮ್ಮೆ ಮೌಂಟ್ ಮಾಡಿ ಕಳಚಿ ಜರ್ನಲ್ ತಾನೇ ಜಾರಿಯಾಗುತ್ತದೆಯೇ ಎಂದು ನೋಡದೆ ಅದನ್ನು ಬಳಸಬೇಡಿ.

ಹೊಸ ಡಿಸ್ಕಿನ ವಿಚಾರ: ಲಾಗಿನ 46 ಜಿಬಿ ಮಾತ್ರ ಮರಳಿ ಸಿಕ್ಕರೂ ಬಳಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಈ ತಿಂಗಳಲ್ಲಿ ಖರ್ಚು ಮಾಡಬೇಕಿಲ್ಲ. ಮುಂದೆ ಬೇಕಾದಾಗ, ರೂಟ್ ಎಲ್‌ವಿಎಂ (ಹಲವು ಡಿಸ್ಕುಗಳ ಜಾಗವನ್ನು ಒಟ್ಟುಗೂಡಿಸಿ ಹಂಚುವ ವ್ಯವಸ್ಥೆ) ಮೇಲಿದೆಯೇ ಎಂದು ಎಲ್‌ವಿಎಸ್ ಕೊಟ್ಟು ನೋಡಿ. ಇದ್ದರೆ ಹೊಸ ಡಿಸ್ಕನ್ನು ವಾಲ್ಯೂಮ್ ಗ್ರೂಪಿಗೆ ಸೇರಿಸಿ, ಎಲ್‌ವಿಎಕ್ಸ್‌ಟೆಂಡ್‌ಗೆ ಆರ್ ಆಯ್ಕೆ ಕೊಟ್ಟರೆ ವಾಲ್ಯೂಮ್ ಮತ್ತು ಫೈಲ್ ಸಿಸ್ಟಂ ಎರಡೂ ಒಟ್ಟಿಗೆ ಬೆಳೆಯುತ್ತವೆ, ಬಿಲ್ಲಿಂಗ್ ನಡೆಯುತ್ತಿರುವಾಗಲೇ. ಆದರೆ ಸಿಕ್ಕ ಜಾಗವನ್ನೆಲ್ಲ ಒಂದೇ ಸಲ ಹಂಚಬೇಡಿ: ಇಎಕ್ಸ್‌ಟಿ4ನ್ನು ಕುಗ್ಗಿಸಬೇಕೆಂದರೆ ಅನ್‌ಮೌಂಟ್ ಮಾಡಲೇಬೇಕು, ರೂಟ್ ಆದ್ದರಿಂದ ಅದಕ್ಕೆ ಬೇರೆ ಯುಎಸ್‌ಬಿಯಿಂದ ಬೂಟ್ ಮಾಡಬೇಕಾಗುತ್ತದೆ, ಮಾಲೀಕರು ಒಪ್ಪದ ಅದೇ ರೀಬೂಟ್.