ಸುಣ್ಣ ಹಾಕಿದ್ರೆ ಮಣ್ಣಿನ ಜೀವಿಗಳು ಸಾಯ್ತಾವಾ?

ಪ್ರಶ್ನೆ: ನಮಸ್ಕಾರ. ನಮ್ದು ಶಿರಸಿ ಹತ್ರದ ಹಳ್ಳಿ, ಎರಡು ಎಕರೆ ಅಡಿಕೆ ತೋಟ. ಮಣ್ಣು ಟೆಸ್ಟ್ ಮಾಡ್ಸಿದ್ದಕ್ಕೆ ಪಿಎಚ್ 4.8 ಬಂತು. ಎರಡು ವರ್ಷದಿಂದ ಜೀವಾಣು ಗೊಬ್ಬರದ ಪ್ಯಾಕೆಟ್ ತಂದು ಹಾಕ್ತಾ ಇದ್ದೇನೆ, ಏನೂ ಬದಲಾವಣೆ ಇಲ್ಲ, ಖಾಲಿ ಜಾಗದಲ್ಲಿ ಬಿತ್ತಿದ ಅಲಸಂದೆ ಕಿತ್ತು ನೋಡಿದ್ರೆ ಬೇರಲ್ಲಿ ಗಂಟೇ ಇಲ್ಲ. ಸುಣ್ಣ ಹಾಕು ಅಂತ ಒಬ್ರು, ಹಾಕಿದ್ರೆ ಇದ್ದ ಜೀವಿಗಳೂ ಸತ್ತು ಹೋಗ್ತಾವೆ ಅಂತ ಪಕ್ಕದ ಮನೆ ಭಾವ. ಯಾರ ಮಾತು ಕೇಳ್ಲಿ?

ಉತ್ತರ: ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅಲ್ಲಿಗೆ ಆಮೇಲೆ ಬರ್ತೇನೆ. ಮೊದ್ಲು ಆ 4.8 ನೋಡಿ. ಪಿಎಚ್ ಅಂದ್ರೆ ಮಣ್ಣಿನ ಹುಳಿ ಅಳೆಯೋ ಅಳತೆ, ಅದ್ರಲ್ಲಿ ಒಂದು ಅಂಕಿ ಇಳಿದ್ರೆ ಹುಳಿ ಹತ್ತು ಪಟ್ಟು ಏರ್ತದೆ, ಅಂದ್ರೆ 6.8 ಇರೋ ಮಣ್ಣಿಗಿಂತ ನಿಮ್ಮದು ನೂರು ಪಟ್ಟು ಹುಳಿ. ನಮ್ಮ ಕಡೆ ಇದು ಆಶ್ಚರ್ಯ ಏನಲ್ಲ, ಘಟ್ಟದ ಮಳೆ ವರ್ಷಾ ವರ್ಷ ಕ್ಯಾಲ್ಸಿಯಂ ಮೆಗ್ನೀಸಿಯಂ ಎಲ್ಲಾ ತೊಳ್ಕೊಂಡು ಹೊಳೆಗೆ ಹಾಕ್ತದೆ, ಕಡೆಗೆ ಉಳಿಯೋದು ಕಬ್ಬಿಣ, ಅಲ್ಯುಮಿನಿಯಂ ತುಂಬಿದ ಕೆಂಪು ಮಣ್ಣು, ಅದ್ರ ಮೇಲೆ ಯೂರಿಯಾ ಬೇರೆ ಹಾಕಿದ್ರೆ ಹುಳಿ ಇನ್ನೂ ಜಾಸ್ತಿ.

ಹುಳಿ ಅಂದ್ರೆ ಮಣ್ಣು ಸತ್ತಿದೆ ಅಂತಲ್ಲ. ಅಲ್ಲಿ ಯಾರು ಇರ್ಬೇಕು ಅನ್ನೋದನ್ನ ಹುಳಿ ತೀರ್ಮಾನ ಮಾಡ್ತದೆ, ಅಷ್ಟೇ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಒಂದು ಗದ್ದೆ ಇದೆ, 19ನೇ ಶತಮಾನದಲ್ಲಿ ಯಾರೋ ಒಂದು ಕಡೆ ಸುಣ್ಣ ಜಾಸ್ತಿ ಒಂದು ಕಡೆ ಕಡಿಮೆ ಹಾಕಿದ್ರು, ಹಾಗಾಗಿ ಒಂದೇ ಗದ್ದೆಯ ಒಂದು ತುದಿ ಪಿಎಚ್ 4, ಇನ್ನೊಂದು ತುದಿ 8ರ ಮೇಲೆ. 2009, 2010ರಲ್ಲಿ ಅಲ್ಲಿನ ಮಣ್ಣಿನ ಮೇಲೆ ಬಂದ ಅಧ್ಯಯನಗಳ ಪ್ರಕಾರ 4ರಿಂದ 8ಕ್ಕೆ ಹೋಗೋಷ್ಟರಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹತ್ರ ಹತ್ರ ಎರಡು ಪಟ್ಟು. ಶಿಲೀಂಧ್ರದ ಕತೆ ಉಲ್ಟಾ, 8.3ರಿಂದ 4.5ಕ್ಕೆ ಇಳಿಯುವಾಗ ಬ್ಯಾಕ್ಟೀರಿಯಾ ಬೆಳವಣಿಗೆ ಐದು ಪಟ್ಟು ಕುಸೀತದೆ, ಶಿಲೀಂಧ್ರದ್ದು ಐದು ಪಟ್ಟು ಏರ್ತದೆ. 4.5ರ ಕೆಳಗೆ ಹೋದ್ರೆ ಇಬ್ರಿಗೂ ಕಷ್ಟ. ದರಕಿನ (ಉದುರಿದ ಒಣ ಎಲೆ) ಅಡಿ ಕೈ ಹಾಕಿದ್ರೆ ಬಿಳಿ ನೂಲು ನೂಲು ಕಾಣ್ತದಲ್ಲ, ಅದೇ ಶಿಲೀಂಧ್ರ, ನಮ್ಮ ಬೆಟ್ಟದ ಸೊಪ್ಪು ಕೊಳೀಲಿಕ್ಕೆ ಅದರ ಕೆಲಸ ದೊಡ್ಡದು.

ಈಗ ನಿಮ್ಮ ಪ್ಯಾಕೆಟ್ಟು. ಅಲಸಂದೆ ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾ ಅಂದ್ರೆ ರೈಜೋಬಿಯಂ, ಅದಕ್ಕೆ ಹುಳಿ ಆಗೋದಿಲ್ಲ, ಪಿಎಚ್ 5.5ಕ್ಕಿಂತ ಇಳಿದ್ರೆ ಅಲ್ಯುಮಿನಿಯಂ ಕರಗಿ ನೀರಿಗೆ ಬರ್ತದೆ, ಅದು ಬೇರಿನ ತುದಿಯನ್ನೇ ಸುಡ್ತದೆ, ಮತ್ತೆ ರಂಜಕವನ್ನ ಕಬ್ಬಿಣ ಅಲ್ಯುಮಿನಿಯಂ ಹಿಡಿದಿಟ್ಕೊಂಡು ಬಿಡೋದಿಲ್ಲ. ಮನೆ ಸರಿ ಮಾಡದೆ ನೆಂಟರನ್ನ ಕರೆದ ಹಾಗೆ ಆಯ್ತು. ಟ್ರೈಕೋಡರ್ಮಾ ಹಾಕಿದ್ರೆ ಅದು ಶಿಲೀಂಧ್ರ, ತಕ್ಕ ಮಟ್ಟಿಗೆ ಹೊಂದ್ಕೊಳ್ತದೆ. ಎರಡು ವರ್ಷದ ಪ್ಯಾಕೆಟ್ಟಿನ ದುಡ್ಡಲ್ಲಿ ಸುಣ್ಣ ತಂದಿದ್ರೆ ಒಳ್ಳೇದಿತ್ತು ಅಂತ ನನಗೆ ಅನ್ನಿಸ್ತದೆ, ಬೇಜಾರು ಮಾಡ್ಕೋಬೇಡಿ.

ಭಾವನ ಮಾತು ನಿಜ ಆಗೋದು ಸುಟ್ಟ ಸುಣ್ಣವನ್ನ ಒಂದೇ ಸಲ ರಾಶಿ ಹಾಕಿದ್ರೆ. ಅದು ಬಿದ್ದ ಜಾಗ ಬಿಸಿಯಾಗಿ, ಕ್ಷಾರ ಆಗಿ ಜೀವಿಗಳು ಸಾಯೋದು ಹೌದು. ಕೃಷಿ ಸುಣ್ಣ, ಡಾಲಮೈಟ್ ಹಾಗಲ್ಲ, ನಿಧಾನಕ್ಕೆ ಕೆಲಸ ಮಾಡ್ತಾವೆ, ಪುಡಿ ನುಣ್ಣಗಿದ್ದಷ್ಟೂ ಒಳ್ಳೇದು. ಮರಕ್ಕೆ ಅರ್ಧ ಕೇಜಿ, ಎರಡು ಮೂರು ವರ್ಷಕ್ಕೊಮ್ಮೆ ಅಂತ ಸಾಮಾನ್ಯ ಲೆಕ್ಕ, ಜಿಗಟು ಮಣ್ಣಿಗೆ ಜಾಸ್ತಿ ಬೇಕು, ಮರಳು ಮಣ್ಣಿಗೆ ಕಡಿಮೆ ಸಾಕು, ಶಿರಸಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ರಿಪೋರ್ಟ್ ತೋರ್ಸಿ ಪ್ರಮಾಣ ಕೇಳಿ. ಜೋರು ಮಳೆ ಕಳೆದ ಮೇಲೆ, ಹಸಿ ಇರುವಾಗ ಉದುರಿಸಿ ಮಣ್ಣಿಗೆ ಸೇರ್ಸಿ. ಗೊಬ್ಬರ, ಯೂರಿಯಾ ಜೊತೆಗೆ ಬೇಡವೇ ಬೇಡ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗ್ತದೆ, ಎರಡು ಮೂರು ವಾರ ಬಿಟ್ಟು ಹಾಕಿ, ಜೀವಾಣು ಅದಕ್ಕೂ ಆಮೇಲೆ. 6 ಮುಟ್ಟಿದ್ರೆ ಸಾಕು, 7 ಮಾಡ್ತೇನೆ ಅಂತ ಹಠ ಹಿಡೀಬೇಡಿ, ಸತು ಬೋರಾನ್ ಸಿಗದ ಹಾಗೆ ಆಗ್ತದೆ.

ಇನ್ನೊಂದು, ನೀವು ಕೇಳ್ಲಿಲ್ಲ ಆದ್ರೂ ಹೇಳ್ತೇನೆ. ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದಲ್ಲಿ ಸುಣ್ಣದ ಜೊತೆ ಮೈಲುತುತ್ತ ಇರ್ತದಲ್ಲ, ಅದ್ರ ತಾಮ್ರ ಹತ್ತಾರು ವರ್ಷ ಮಣ್ಣಲ್ಲೇ ಕೂರ್ತದೆ, ಹುಳಿ ಮಣ್ಣಲ್ಲಿ ಜಾಸ್ತಿ ಕರಗಿ ಜೀವಿಗಳಿಗೆ ತೊಂದ್ರೆ. ಬೋರ್ಡೋ ಬಿಡಿ ಅಂತ ನಾನು ಹೇಳೋದಿಲ್ಲ, ಬಿಟ್ರೆ ಅಡಿಕೆ ಯಾರು ಕೊಡ್ತಾರೆ? ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ ನೋಡೋ ಅಭ್ಯಾಸ ಮಾತ್ರ ಬಿಡ್ಬೇಡಿ, ಕೆಂಪಾದ್ರೆ ಸುಣ್ಣ ಕಡಿಮೆ ಬಿದ್ದಿದೆ ಅಂತ ಅರ್ಥ.

ಪ್ರಶ್ನೆ: ಕುಮಟಾ ಕಡೆ ನಮ್ಮ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಮಣ್ಣು ಬೇಸಿಗೇಲಿ ಒಣಗಿದಾಗ ತುಕ್ಕಿನ ಬಣ್ಣ ಬರ್ತದೆ, ಹುಳಿ ಅಂತಾರೆ. ಮಳೆಗಾಲಕ್ಕೆ ಕಗ್ಗ ಭತ್ತ ಚೆನ್ನಾಗೇ ಬರ್ತದಲ್ಲ, ಹೇಗೆ?

ಉತ್ತರ: ಅದೂ ಜೀವಿಗಳದ್ದೇ ಕೆಲಸ. ಉಪ್ಪುನೀರಿನ ಕೆಸರಲ್ಲಿ ಗಾಳಿ ಇಲ್ಲದಾಗ ಕೆಲವು ಬ್ಯಾಕ್ಟೀರಿಯಾ ಗಂಧಕವನ್ನ ಕಬ್ಬಿಣದ ಜೊತೆ ಕಟ್ಟಿ ಇಡ್ತಾವೆ. ಕೆಸರು ಬಿರುಕು ಬಿಟ್ಟು ಗಾಳಿ ಒಳಗೆ ಹೋದ್ರೆ ಇನ್ನೊಂದು ಜಾತಿ ಬಂದು ಅದನ್ನ ಗಂಧಕಾಮ್ಲ ಮಾಡ್ತದೆ, ತುಕ್ಕಿನ ಬಣ್ಣ ಅಲ್ಲಿಂದ. ನೀರು ನಿಂತ ಮೇಲೆ ಗಾಳಿ ಇಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಕಬ್ಬಿಣವನ್ನೇ ಉಸಿರಾಟಕ್ಕೆ ಬಳಸ್ತಾವೆ, ಆ ಕೆಲಸದಲ್ಲಿ ಹುಳಿ ಖರ್ಚಾಗ್ತದೆ, ಕೆಲವೇ ವಾರದಲ್ಲಿ ಪಿಎಚ್ ಮೇಲೆ ಬರ್ತದೆ. ಹಾಗಾಗಿ ಬೇಸಿಗೇಲಿ ಗಜನಿಯನ್ನ ಆಳಕ್ಕೆ ಅಗೆದು ಒಣಗಿಸ್ಲಿಕ್ಕೆ ಹೋಗ್ಬೇಡಿ.